ಲೆಕ್ಕದ ಹಾಳೆಯೂ ಆಕಾಶದ ಘಂಟೆಯೂ

ಮಗನು ಸೈನ್ಯಕ್ಕೆ ಸೇರುವೆನೆಂದರೆ ಕೊಡಗಿನ ತಂದೆಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ವೈದ್ಯಶಾಸ್ತ್ರವನ್ನು ಓದುವೆನೆಂದರೆ ಖರ್ಚಿನ ಲೆಕ್ಕವೊಂದು ಮಾತ್ರ ಉಳಿಯುವುದು. ಹಾಕಿಯ ಕೋಲನ್ನು ಹಿಡಿದು ದೇಶದ ಪರವಾಗಿ ಆಡುವೆನೆಂದರೆ ಊರೆಲ್ಲ ಕೂಡಿ ಹರಸುವುದು. ಆದರೆ ಮನೆಯ ಹುಡುಗನೋ ಹುಡುಗಿಯೋ ಒಂದು ದಿನ, “ನಾನು ಸೈದ್ಧಾಂತಿಕ ಭೌತವಿಜ್ಞಾನವನ್ನು ಓದಿ, ವಿಶ್ವದ ಹುಟ್ಟನ್ನು ಕುರಿತು ಲೆಕ್ಕ ಮಾಡುತ್ತ ಬಾಳುವೆನು” ಎಂದರೆ, ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. “ಅದರಿಂದ ಬರುವುದೇನು?” ಎಂಬ ಪ್ರಶ್ನೆಯು ಆಗ ಯಾರ ಬಾಯಿಂದಲಾದರೂ ಹೊರಡದೆ ಇರದು.

ಈ ಪ್ರಶ್ನೆಯನ್ನು ನಾವು ಹೀಗಳೆಯುವವರಲ್ಲ. ಮಕ್ಕಳ ಅನ್ನದ ಚಿಂತೆಯನ್ನು ಹೊತ್ತವರು ಕೇಳಲೇಬೇಕಾದ ಪ್ರಶ್ನೆ ಇದು. ಸರಕಾರದ ಬೊಕ್ಕಸವನ್ನು ಕಾಯುವ ಅಧಿಕಾರಿಗಳು ಕೇಳಿದರೂ ತಪ್ಪಿಲ್ಲ. ಆದರೆ ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ಬೇಕು. ಉಪದೇಶಕ್ಕಿಂತ ದೃಷ್ಟಾಂತವು ಮೇಲಾದುದರಿಂದ, ಈ ವಿದ್ಯೆಗೇ ತಮ್ಮ ಆಯುಸ್ಸನ್ನು ಸಲ್ಲಿಸಿದ ಒಬ್ಬ ಕನ್ನಡಿಗರ ಬಾಳನ್ನು ವಾಚಕರ ಮುಂದಿಡುವೆವು.

ಅವರು ಸಿ. ವಿ. ವಿಶ್ವೇಶ್ವರರು. ಕನ್ನಂಬಾಡಿಯ ಕಟ್ಟೆಯಿಂದ ಮನೆಮಾತಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಇವರ ಹೆಸರನ್ನು ಬೆರಸಬಾರದು. ಇವರು ಹುಟ್ಟಿದುದು 1938ನೆಯ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಹೆಸರಾಂತ ಲೇಖಕರು. 1947ರಲ್ಲಿ ಹರಪನಹಳ್ಳಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಕನ್ನಡ ಗ್ರಂಥಗಳ ನಡುವೆ ಬೆಳೆದ ಹುಡುಗನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನು ಓದಿ, ಅಮೆರಿಕೆಗೆ ಹೋಗಿ ಕೊಲಂಬಿಯಾದಲ್ಲಿಯೂ ಅನಂತರ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿಯೂ ವಿದ್ಯಾರ್ಥಿಯಾದನು. ಮೇರಿಲೆಂಡಿನಲ್ಲಿ ದೊರೆತ ಗುರುಗಳು ಚಾರ್ಲ್ಸ್ ಮಿಸ್ನರ್. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿ ಆ ಕಾಲದ ಅಗ್ರಗಣ್ಯರಲ್ಲಿ ಅವರೊಬ್ಬರು.

ಗುರುಗಳ ಬಳಿಯಲ್ಲಿ ಶಿಷ್ಯನು ಹಿಡಿದ ವಿಷಯವನ್ನು ತಿಳಿಯಬೇಕಾದರೆ ಐವತ್ತು ವರ್ಷ ಹಿಂದಕ್ಕೆ, ಮೊದಲನೆಯ ಮಹಾಯುದ್ಧದ ರಣರಂಗಕ್ಕೆ ಹೋಗಬೇಕು. ಸೈನಿಕರ ನಾಡಾದ ಕೊಡಗಿನವರಿಗೆ ಈ ಸಂಗತಿಯು ರುಚಿಸಬಹುದು. ಕಾರ್ಲ್ ಶ್ವಾರ್ಜ್‌ಚೈಲ್ಡ್ ಎಂಬ ಜರ್ಮನ್ ಖಗೋಳಜ್ಞನು ನಲವತ್ತು ದಾಟಿದ ವಯಸ್ಸಿನಲ್ಲಿ ತಾನಾಗಿಯೇ ಸೈನ್ಯಕ್ಕೆ ಸೇರಿ, ರಷ್ಯದ ಗಡಿಯಲ್ಲಿ ಫಿರಂಗಿ ದಳದಲ್ಲಿದ್ದನು. 1915ರ ನವೆಂಬರಿನಲ್ಲಿ ಐನ್‌ಸ್ಟೈನರು ತಮ್ಮ ಗುರುತ್ವ ಸಮೀಕರಣಗಳನ್ನು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಈ ಸೈನಿಕನು ಗುಂಡಿನ ಸದ್ದಿನ ನಡುವೆ ಅವುಗಳಿಗೆ ಮೊದಲನೆಯ ನಿಖರವಾದ ಉತ್ತರವನ್ನು ಕಂಡುಹಿಡಿದು ಅವರಿಗೆ ಬರೆದು ಕಳುಹಿಸಿದನು. 1916ರ ಮೇ ತಿಂಗಳಿನಲ್ಲಿ, ರಣರಂಗದಲ್ಲಿ ತಗುಲಿದ ರೋಗದಿಂದ ತೀರಿಕೊಂಡನು. ಆದರೆ ಆತನ ಉತ್ತರವು ಉಳಿಯಿತು. ಅದರೊಳಗೊಂದು ಸೋಜಿಗವೂ ಅಡಗಿತ್ತು. ದ್ರವ್ಯವನ್ನು ಬಹಳ ಕಿರಿದಾಗಿ ಅಮುಕಿದರೆ, ಒಂದು ಎಲ್ಲೆಯ ಒಳಗಿನಿಂದ ಬೆಳಕೂ ಹೊರಬರಲಾರದು. ನಮ್ಮ ಸೂರ್ಯನನ್ನು ಮೂರು ಕಿಲೋಮೀಟರು ತ್ರಿಜ್ಯದ ಉಂಡೆಯಾಗಿಯೂ ಭೂಮಿಯನ್ನು ಒಂಬತ್ತು ಮಿಲಿಮೀಟರು ತ್ರಿಜ್ಯದ ಗೋಲಿಯಾಗಿಯೂ ಅಮುಕಿದರೆ ಆಗುವ ವಸ್ತು ಅದು. ಅದನ್ನೇ ಇಂದು ಕೃಷ್ಣವಿವರವೆನ್ನುವೆವು.

ಕಾಗದದ ಮೇಲೆ ಇಂತಹ ವಸ್ತುವು ಇರಬಹುದು, ಪ್ರಕೃತಿಯಲ್ಲಿ ಇರಬಲ್ಲುದೇ? ಪೆನ್ಸಿಲನ್ನು ಅದರ ಮೊನೆಯ ಮೇಲೆ ನಿಲ್ಲಿಸುವುದು ಗಣಿತದಲ್ಲಿ ಸಾಧ್ಯ. ಲೋಕದಲ್ಲಿಯಾದರೋ ಒಂದು ಉಸಿರು ಸೋಕಿದರೆ ಅದು ಉರುಳಿಬೀಳುವುದು. ಕೃಷ್ಣವಿವರವೂ ಅಂತಹುದೇ ಆಗಿದ್ದ ಪಕ್ಷದಲ್ಲಿ, ಒಂದು ಧೂಳಿನ ಕಣವು ಬಿದ್ದರೂ ಅದು ಚೂರಾಗಬೇಕಾಗಿತ್ತು; ಅಂದರೆ ಆಕಾಶದಲ್ಲಿ ಅದನ್ನು ಹುಡುಕುವುದೇ ವ್ಯರ್ಥವಾಗುತ್ತಿತ್ತು. ಈ ಪರೀಕ್ಷೆಯನ್ನು 1957ರಲ್ಲಿ ರೆಜ್ ಮತ್ತು ವೀಲರ್ ಎಂಬ ವಿದ್ವಾಂಸರು ಆರಂಭಿಸಿದ್ದರು. ಅದನ್ನು ಮುಂದುವರಿಸಿ, ಶ್ವಾರ್ಜ್‌ಚೈಲ್ಡನ ಕೃಷ್ಣವಿವರವನ್ನು ಕದಲಿಸಿದರೂ ಅದು ಒಡೆಯದೆ ತನ್ನ ನೆಲೆಗೆ ಮರಳುವುದೆಂದು ಲೆಕ್ಕದಿಂದ ತೋರಿಸಿದವರು ವಿಶ್ವೇಶ್ವರರು. ಇದಕ್ಕಾಗಿ 1968ರಲ್ಲಿ ಅವರಿಗೆ ಡಾಕ್ಟರ್ ಪದವಿಯು ದೊರೆಯಿತು. ಆಗ ಅವರಿಗೆ ಮೂವತ್ತು ವರ್ಷ. ಕೃಷ್ಣವಿವರಗಳಿಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್ ಹೋಲ್ ಎಂಬ ಹೆಸರೂ ಇನ್ನೂ ಹೊಸದಾಗಿ ರೂಢಿಗೆ ಬರುತ್ತಿದ್ದ ಕಾಲ.

ಇನ್ನೊಂದು ಪ್ರಶ್ನೆಯು ಅದರ ಬೆನ್ನಿಗೇ ಬಂದಿತು. ಬೆಳಕನ್ನೇ ಬಿಟ್ಟುಕೊಡದ ವಸ್ತುವನ್ನು ದೂರದಿಂದ ಗುರುತಿಸುವುದು ಹೇಗೆ? ಗುಡಿಯ ಘಂಟೆಯನ್ನು ಕಾಣದವನೂ ಅದರ ನಾದವನ್ನು ಕೇಳಿ, ಹಿರಿದೋ ಕಿರಿದೋ ಎಂಬುದನ್ನು ಹೇಳಬಲ್ಲನು. ಕೃಷ್ಣವಿವರವನ್ನೂ ಹೊಡೆದು ನೋಡೋಣವೆಂದು ವಿಶ್ವೇಶ್ವರರು ಲೆಕ್ಕದಲ್ಲಿ ಅದರ ಮೇಲೆ ಗುರುತ್ವ ತರಂಗಗಳನ್ನು ಹಾಯಿಸಿದರು. ಅಗಲವಾದ ತರಂಗವನ್ನು ಹಾಯಿಸಿದಾಗ ಏನೂ ತೋರಲಿಲ್ಲ. ತರಂಗವನ್ನು ಕಿರಿದು ಮಾಡುತ್ತ, ಕೃಷ್ಣವಿವರದ ಗಾತ್ರಕ್ಕೆ ಸರಿಯಾಗುವಷ್ಟಕ್ಕೆ ತಂದಾಗ, ಅದು ಮಿಡಿಯಿತು. ಹೊರಬಂದ ಅಲೆಯು ಏರಿಳಿಯುತ್ತ, ಬೇಗಬೇಗನೆ ಕುಗ್ಗುತ್ತ ಅಡಗಿಹೋಯಿತು. ಯಾವ ಬಗೆಯ ಪೆಟ್ಟು ಬಿದ್ದರೂ ಆ ನಾದವು ಒಂದೇ. ಅದರ ಶ್ರುತಿಯನ್ನೂ ಅದು ಅಡಗುವ ವೇಗವನ್ನೂ ನಿರ್ಣಯಿಸುವುದು ಕೃಷ್ಣವಿವರದ ತೂಕ ಮತ್ತು ಅದು ಸುತ್ತುವ ರಭಸ, ಇವೆರಡೇ. 1970ರಲ್ಲಿ ‘ನೇಚರ್’ ಪತ್ರಿಕೆಯು ಈ ಲೇಖನವನ್ನು ಪ್ರಕಟಿಸಿತು. ಮರುವರ್ಷ ವಿಲಿಯಂ ಪ್ರೆಸ್ ಎಂಬವರು ಇದಕ್ಕೆ ಕ್ವಾಸಿನಾರ್ಮಲ್ ಮೋಡ್ ಎಂದು ಹೆಸರಿಟ್ಟರು. ನಾವು ಈ ಲೇಖನದ ಮಟ್ಟಿಗೆ ಇದನ್ನು ಅಡಗುನಾದವೆಂದು ಕರೆಯೋಣ.

ಇಷ್ಟರಿಂದ ಯಾರಿಗೆ ಏನು ಬಂದಿತು? ಆ ಹೊತ್ತಿಗೆ ಏನೂ ಬರಲಿಲ್ಲವೆಂದೇ ಹೇಳಬೇಕು. ಆಕಾಶದಲ್ಲಿ ಕೃಷ್ಣವಿವರವೊಂದು ಇದೆಯೆಂಬುದೇ ಆಗ ನಿಶ್ಚಯವಾಗಿರಲಿಲ್ಲ. ಗುರುತ್ವ ತರಂಗವನ್ನು ಹಿಡಿಯಬಲ್ಲ ಯಂತ್ರವು ಲೋಕದಲ್ಲೆಲ್ಲಿಯೂ ಇರಲಿಲ್ಲ. ಲೇಖಕರು ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್‌ಗಳಲ್ಲಿ ತಾತ್ಕಾಲಿಕವಾದ ಹುದ್ದೆಗಳಲ್ಲಿ ಕೆಲಸ ಮಾಡಿ, 1976ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದರು. 1992ರಲ್ಲಿ ಭಾರತೀಯ ಖಭೌತ ಸಂಸ್ಥೆಗೆ ಹೋದರು. ಬಲ್ಲವರು ಮಾತ್ರ ಬಲ್ಲರು: 1975ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರರು ಸ್ಟೀವನ್ ಡೆಟ್ವೈಲರರೊಡನೆ ಈ ಅಡಗುನಾದದ ಶ್ರುತಿಗಳನ್ನು ಇನ್ನೂ ನಿಖರವಾಗಿ ಲೆಕ್ಕ ಹಾಕಿದರು. ಆದರೆ ಕೇಳಿದ ಕಿವಿ ಒಂದೂ ಇರಲಿಲ್ಲ. ನಲವತ್ತೈದು ವರ್ಷಗಳ ಕಾಲ ಅದು ಹಾಳೆಯ ಮೇಲಿನ ಘಂಟೆಯಾಗಿಯೇ ಉಳಿಯಿತು.

2015ನೆಯ ಸೆಪ್ಟೆಂಬರ್ 14ರಂದು ಆ ಮೌನವು ಮುರಿಯಿತು. ಅಮೆರಿಕೆಯ ಎರಡು ಮೂಲೆಗಳಲ್ಲಿ, ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ತೋಳುಗಳುಳ್ಳ ಲೈಗೋ ಯಂತ್ರಗಳಲ್ಲಿ ಸಣ್ಣದೊಂದು ಅಲುಗಾಟವು ದಾಖಲಾಯಿತು. ಆ ಉದ್ದದಲ್ಲಿ ಉಂಟಾದ ವ್ಯತ್ಯಾಸವು ಒಂದು ಪ್ರೋಟಾನಿನ ಗಾತ್ರದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ 36 ಪಾಲು ಮತ್ತು 29 ಪಾಲು ತೂಕದ ಎರಡು ಕೃಷ್ಣವಿವರಗಳು ಒಂದನ್ನೊಂದು ಸುತ್ತುತ್ತ ಕೂಡಿಕೊಂಡು, 62 ಪಾಲಿನ ಒಂದಾಗಿದ್ದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯವು ತರಂಗರೂಪದ ಶಕ್ತಿಯಾಗಿ ಹರಡಿತ್ತು. ಕೂಡಿಕೊಂಡ ಗಳಿಗೆಯ ಬಳಿಕ ಹೊಸ ಕೃಷ್ಣವಿವರವು ಸೆಕೆಂಡಿಗೆ ಸುಮಾರು 250 ಬಾರಿಯ ಲೆಕ್ಕದಲ್ಲಿ, ಎಂದರೆ ಹಾರ್ಮೋನಿಯಮ್ಮಿನ ನಡುಸ್ಥಾಯಿಯ ಮಟ್ಟದಲ್ಲಿ, ಮಿಡಿದು, ಸೆಕೆಂಡಿನ ಸಾವಿರ ಪಾಲುಗಳಲ್ಲಿ ಕೆಲವೇ ಪಾಲು ಕಾಲದಲ್ಲಿ ಸುಮ್ಮನಾಯಿತು. 1970ರ ಲೇಖನದಲ್ಲಿ ಬರೆದಿದ್ದ ಅಡಗುನಾದವೇ ಅದು. ವಾರ್ತೆಯು 2016ನೆಯ ಫೆಬ್ರವರಿ 11ರಂದು ಪ್ರಕಟವಾದಾಗ ವಿಶ್ವೇಶ್ವರರು ಬೆಂಗಳೂರಿನಲ್ಲಿದ್ದರು. ಬಿತ್ತಿದವರೇ ಫಲವನ್ನು ಕಂಡರೆಂಬುದು ಸಮಾಧಾನದ ಸಂಗತಿ. ಒಂದು ವರ್ಷವೂ ತುಂಬುವ ಮೊದಲೇ, 2017ನೆಯ ಜನವರಿ 16ರಂದು, ಅವರು ತೀರಿಕೊಂಡರು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. 2025ನೆಯ ಜನವರಿ 14ರಂದು ಅದೇ ಯಂತ್ರಗಳಿಗೆ ಇನ್ನೂ ಸ್ಪಷ್ಟವಾದ ಅಲೆಯೊಂದು ದೊರೆಯಿತು. ಅದರಲ್ಲಿ ಅಡಗುನಾದದ ಮೂಲಸ್ವರವು ಮಾತ್ರವಲ್ಲ, ಅದರ ಮೇಲಿನ ಉಪಸ್ವರವೂ ಕೇಳಿಬಂದಿತು. ಎರಡೂ ಒಂದೇ ತೂಕವನ್ನೂ ಒಂದೇ ರಭಸವನ್ನೂ ಹೇಳಿದುದರಿಂದ, ಐನ್‌ಸ್ಟೈನರ ಸಿದ್ಧಾಂತವು ಅತ್ಯಂತ ಕಠಿಣವಾದ ಒಂದು ಪರೀಕ್ಷೆಯಲ್ಲಿ ಗೆದ್ದಂತಾಯಿತು. ಕೂಡಿದ ಮೇಲೆ ಕೃಷ್ಣವಿವರದ ಮೈಯ ಕ್ಷೇತ್ರಫಲವು ಕುಗ್ಗಲಾರದೆಂದು ಸ್ಟೀಫನ್ ಹಾಕಿಂಗರು 1971ರಲ್ಲಿ ಹೇಳಿದ್ದ ನಿಯಮವೂ ಅದರಿಂದ ದೃಢಪಟ್ಟಿತು. ಒಬ್ಬ ವಿದ್ಯಾರ್ಥಿಯ ಲೆಕ್ಕವು ಅರ್ಧ ಶತಮಾನದ ಮೇಲೆ ಜಗತ್ತಿನ ಒರೆಗಲ್ಲಾದ ಬಗೆ ಇದು.

ಇಲ್ಲಿ ವಾಚಕರಲ್ಲಿ ಕೆಲವರು, ‘ಸರಿ, ಅದು ಹಳೆಯ ಕಾಲದ ಮಾತು, ಈಗಿನ ಹುಡುಗರು ಸ್ಟ್ರಿಂಗ್ ಥಿಯರಿ ಎಂದು ಇನ್ನೇನನ್ನೋ ಹೇಳುವರಲ್ಲ!’ ಎನ್ನಬಹುದು. ಅದನ್ನೂ ನೋಡೋಣ. ಕನ್ನಡದಲ್ಲಿ ಇದನ್ನು ತಂತು ಸಿದ್ಧಾಂತವೆನ್ನುವರು. ವಿಶ್ವೇಶ್ವರರು ಪದವಿಯನ್ನು ಪಡೆದ 1968ರಲ್ಲಿಯೇ ಇಟಲಿಯ ವೆನೆಜಿಯಾನೊ ಎಂಬ ತರುಣನು ಬರೆದ ಒಂದು ಸೂತ್ರದಿಂದ ಇದು ಹುಟ್ಟಿತು. ದ್ರವ್ಯದ ಕಡೆಯ ಘಟಕವು ಚುಕ್ಕೆಯಲ್ಲ, ಅತಿ ಸೂಕ್ಷ್ಮವಾದ ತಂತು. ವೀಣೆಯ ಒಂದೇ ತಂತಿಯು ಬೇರೆ ಬೇರೆ ಸ್ವರಗಳನ್ನು ಕೊಡುವಂತೆ, ಆ ತಂತುವು ಬೇರೆ ಬೇರೆ ರೀತಿಯಲ್ಲಿ ಮಿಡಿದು ಬೇರೆ ಬೇರೆ ಕಣಗಳಾಗಿ ತೋರುವುದು. ಅದರ ಒಂದು ಮಿಡಿತವೇ ಗುರುತ್ವಾಕರ್ಷಣೆ: ಇದು ಸಿದ್ಧಾಂತದ ತಿರುಳು. ಅಣುಗಳ ಲೋಕವನ್ನು ಆಳುವ ಕ್ವಾಂಟಮ್ ನಿಯಮಗಳಿಗೂ ಗ್ರಹತಾರೆಗಳನ್ನು ಆಳುವ ಗುರುತ್ವ ನಿಯಮಗಳಿಗೂ ನೂರು ವರ್ಷದಿಂದ ಇರುವ ಮನಸ್ತಾಪವನ್ನು ಬಗೆಹರಿಸುವ ಆಸೆಯೇ ಇದರ ಬೆನ್ನೆಲುಬು. ಆ ಮನಸ್ತಾಪವು ಎಲ್ಲಕ್ಕಿಂತ ಬಲವಾಗಿ ಎದ್ದು ಕಾಣುವ ಎಡೆಗಳು ಎರಡು. ಒಂದು ವಿಶ್ವದ ಆದಿ, ಇನ್ನೊಂದು ಕೃಷ್ಣವಿವರ.

ಕೃಷ್ಣವಿವರಕ್ಕೂ ಒಂದು ಶಾಖವಿದೆಯೆಂದೂ, ಅದರ ಒಳಗಿನ ಅವ್ಯವಸ್ಥೆಯ ಪ್ರಮಾಣವು ಅದರ ಮೈಯ ಕ್ಷೇತ್ರಫಲವನ್ನು ಅನುಸರಿಸುವುದೆಂದೂ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಎಂಬವರು 1972ರಿಂದ 1974ರ ಒಳಗೆ ತೋರಿಸಿಕೊಟ್ಟರು. ಬೀಗ ಹಾಕಿದ ಗೋದಾಮಿನ ಗೋಡೆಯನ್ನು ಅಳೆದು ಒಳಗಿರುವ ಕಾಫಿಯ ಬೀಜಗಳ ಸಂಖ್ಯೆಯನ್ನು ಹೇಳಿದಂತೆ ಅದು. ಹೇಳಿದ ಸಂಖ್ಯೆಯು ನಿಜವೇ ಎಂದು ಬೀಜಗಳನ್ನು ಎಣಿಸಿ ನೋಡಿದವರು ಇರಲಿಲ್ಲ. ತಂತುಗಳ ಮಿಡಿತಗಳನ್ನು ಎಣಿಸಿ ಈ ಲೆಕ್ಕವನ್ನು ತಾಳೆ ನೋಡಬಹುದೆಂದು 1995ರಲ್ಲಿ ದಾರಿ ತೋರಿದವರು ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ಅಶೋಕ ಸೇನರು. ಮರುವರ್ಷ ಸ್ಟ್ರಾಮಿಂಜರ್ ಮತ್ತು ವಾಫಾ ಎಂಬವರು ಒಂದು ಬಗೆಯ ಕೃಷ್ಣವಿವರಕ್ಕೆ ಎಣಿಕೆಯನ್ನು ಪೂರೈಸಿದಾಗ, ಅದು ಗೋಡೆಯ ಅಳತೆಗೆ ಸರಿಯಾಗಿ ಹೊಂದಿತು. ಅಶೋಕ ಸೇನರು ವಿದೇಶದಲ್ಲಿ ನೆಲೆಸದೆ ಅಲಹಾಬಾದಿನಲ್ಲಿ ಬಹುಕಾಲ ಕೆಲಸ ಮಾಡಿದವರು. 2012ರಲ್ಲಿ ಮೂಲಭೂತ ಭೌತವಿಜ್ಞಾನದ ಅಂತರರಾಷ್ಟ್ರೀಯ ಬಹುಮಾನವಾಗಿ ಅವರಿಗೆ 30 ಲಕ್ಷ ಡಾಲರು ದೊರೆಯಿತು. 2021ರಲ್ಲಿ ಅವರು ಬೆಂಗಳೂರಿಗೆ ಬಂದರು.

ಇನ್ನು ಅಡಗುನಾದದ ಸಂಬಂಧ. 1997ರಲ್ಲಿ ಅರ್ಜೆಂಟೀನದ ಹ್ವಾನ್ ಮಾಲ್ಡಸೇನರು, ಒಂದು ವಿಶೇಷ ಬಗೆಯ ಜಗತ್ತಿನೊಳಗಿನ ಗುರುತ್ವದ ಲೆಕ್ಕವೂ, ಅದರ ಎಲ್ಲೆಯ ಮೇಲಿನ ಗುರುತ್ವವಿಲ್ಲದ ಕಣಗಳ ಲೆಕ್ಕವೂ ಒಂದೇ ಎಂಬ ವಿಚಾರವನ್ನು ತಂತು ಸಿದ್ಧಾಂತದಿಂದ ಹೊರಡಿಸಿದರು. ಹಾಗಾದರೆ ಒಳಗಿನ ಕೃಷ್ಣವಿವರದ ಅಡಗುನಾದಕ್ಕೆ ಎಲ್ಲೆಯ ಮೇಲೆ ಅರ್ಥವೇನು? 2000ದಲ್ಲಿ ಹೊರೊವಿಟ್ಸ್ ಮತ್ತು ಹುಬೇನಿ ಎಂಬವರು ಉತ್ತರ ಕೊಟ್ಟರು: ಕಲಕಿದ ಬಿಸಿ ದ್ರವ್ಯವೊಂದು ಎಷ್ಟು ಬೇಗ ತಿಳಿಯಾಗುವುದೆಂಬುದನ್ನು ಆ ನಾದವೇ ಹೇಳುವುದು. ಚಿನ್ನದ ಪರಮಾಣುಗಳ ತಿರುಳುಗಳನ್ನು ಡಿಕ್ಕಿ ಹೊಡೆಸಿ ಅಮೆರಿಕೆಯ ಬ್ರೂಕ್‌ಹೇವನ್ನಿನಲ್ಲಿ ಉಂಟುಮಾಡಿದ ದ್ರವವು ಏತಕ್ಕೆ ಅಷ್ಟು ಸರಾಗವಾಗಿ ಹರಿಯಿತೆಂಬುದನ್ನು ವಿಚಾರಿಸುವವರು ಇಂದು ಈ ಬಗೆಯ ಲೆಕ್ಕಗಳಿಗೆ ಕೈ ನೀಡುವರು. ಮೇರಿಲೆಂಡಿನ ಕೋಣೆಯಲ್ಲಿ ಕುಳಿತು ಕೃಷ್ಣವಿವರವನ್ನು ತಟ್ಟಿದ ಕನ್ನಡಿಗನಿಗೆ, ಅದರ ದನಿಯು ಇಂತಹ ಎಡೆಯಲ್ಲಿ ಮಾರ್ದನಿಗೊಡುವುದೆಂಬುದು ಊಹೆಗೂ ನಿಲುಕಿರಲಾರದು. ಇದೇ ಈ ವಿದ್ಯೆಯ ಸ್ವಭಾವ.

ಹಾಗೆಂದು ತಂತು ಸಿದ್ಧಾಂತವು ಸಿದ್ಧವಾದ ಸತ್ಯವೆಂದು ನಾವು ಹೇಳಿದರೆ ವಾಚಕರಿಗೆ ಅನ್ಯಾಯವಾದೀತು. ತಂತುಗಳನ್ನು ಕಂಡ ಯಂತ್ರವು ಇಂದಿಗೂ ಇಲ್ಲ. ಅದು ಬಯಸುವ ಆರೇಳು ಹೆಚ್ಚಿನ ಆಯಾಮಗಳಿಗೆ ಪ್ರಯೋಗದ ಸಾಕ್ಷ್ಯವೂ ಇಲ್ಲ. ವಿಶ್ವವು ಸುಮಾರು 1,380 ಕೋಟಿ ವರ್ಷದಿಂದ ಹಿಗ್ಗುತ್ತಿದೆ; ಆ ಹಿಗ್ಗುವಿಕೆಯು ಈಗ ಚುರುಕಾಗಿರುವುದೆಂದು ಖಗೋಳಜ್ಞರು 1998ರಲ್ಲಿ ಕಂಡರು. ಅಂತಹ ವಿಶ್ವವು ತಂತು ಸಿದ್ಧಾಂತದೊಳಗೆ ಹೇಗೆ ಹುಟ್ಟಬಹುದೆಂಬುದನ್ನು 2003ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯ ಸಂದೀಪ್ ತ್ರಿವೇದಿಯವರು ಕಛ್ರು, ಕಲ್ಲೋಷ್, ಲಿಂಡೆ ಎಂಬ ಮೂವರೊಡನೆ ವಿವರಿಸಿದರು. ಅದರ ಮೇಲಿನ ವಾದವಿವಾದವು ಇನ್ನೂ ತೀರಿಲ್ಲ. ಇದು ಗಣಿತವೇ ಹೊರತು ವಿಜ್ಞಾನವಲ್ಲವೆನ್ನುವ ಘನವಿದ್ವಾಂಸರೂ ಇರುವರು. ಆದರೆ 1970ರಲ್ಲಿ ಅಡಗುನಾದವನ್ನು ಕುರಿತೂ ಯಾರಾದರೂ ಇದೇ ಮಾತನ್ನಾಡಬಹುದಾಗಿತ್ತೆಂಬುದನ್ನು ಮರೆಯಬಾರದು. ಯಾವ ಲೆಕ್ಕವು ಫಲಿಸುವುದು, ಯಾವುದು ಹುಸಿಯಾಗುವುದು ಎಂಬುದನ್ನು ಬಿತ್ತುವ ದಿನವೇ ಬಲ್ಲವರಿಲ್ಲ.

ಇಂತಹ ವೃತ್ತಿಗೆ ಇಳಿಯುವವರು ತೆರಬೇಕಾದ ಬೆಲೆಯನ್ನು ಮುಚ್ಚಿಡಬಾರದು. ಪದವಿಯ ಮೇಲೆ ಡಾಕ್ಟರೇಟಿಗೆ ಐದಾರು ವರ್ಷ. ಕಿರಿಯ ಸಂಶೋಧಕರ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೂ, ಎರಡು ವರ್ಷದ ಮೇಲೆ ಹಿರಿಯರಾದಾಗ 42,000ಕ್ಕೂ ಏರಿಸಿದರು. ಅನಂತರ ಎರಡೆರಡು ಮೂರುಮೂರು ವರ್ಷಗಳ ತಾತ್ಕಾಲಿಕ ಹುದ್ದೆಗಳು, ಸಾಮಾನ್ಯವಾಗಿ ವಿದೇಶದಲ್ಲಿ. ಒಂದೆಡೆ ಬೇರೂರುವ ಮೊದಲೇ ಇನ್ನೊಂದೆಡೆಗೆ ಗಂಟುಮೂಟೆ. ಕಾಯಂ ಆದ ಕೆಲಸವು ದೊರೆಯುವ ಹೊತ್ತಿಗೆ ಜೊತೆಯವರು ಮನೆ ಕಟ್ಟಿ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವರು. ಎಲ್ಲರಿಗೂ ಆ ಕೆಲಸವು ದೊರೆಯುವುದೂ ಇಲ್ಲ. ದೊರೆಯದವರು ಕಲಿತ ಗಣಿತವನ್ನೂ ಗಣಕಯಂತ್ರದ ವಿದ್ಯೆಯನ್ನೂ ಹಿಡಿದು ಬ್ಯಾಂಕು, ಕೈಗಾರಿಕೆ, ಅಧ್ಯಾಪನಗಳಲ್ಲಿ ಬದುಕುವರು. ಹಸಿದು ಸಾಯುವ ಭಯವೇನೂ ಇಲ್ಲ. ಆದರೆ ಮೂವತ್ತೈದರವರೆಗೆ ನಿಶ್ಚಯವಿಲ್ಲದ ಬಾಳನ್ನು ಸಹಿಸುವ ಧೈರ್ಯವುಳ್ಳವರಿಗೇ ಈ ದಾರಿಯು ತಕ್ಕುದು.

ಒಂದು ಮಾತಿನಲ್ಲಿ ಮಾತ್ರ ಕಾಲವು ಬದಲಾಗಿದೆ. ವಿಶ್ವೇಶ್ವರರು ಗುರುವನ್ನು ಅರಸಿ ಸಮುದ್ರವನ್ನು ದಾಟಬೇಕಾಯಿತು. ಇಂದಿನ ಮಡಿಕೇರಿಯ ವಿದ್ಯಾರ್ಥಿಯು ಒಂದು ಹಗಲಿನ ಬಸ್ಸಿನಲ್ಲಿ ಗುರುಗಳ ಬಾಗಿಲನ್ನು ಮುಟ್ಟಬಹುದು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 2007ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವು ಬೆಂಗಳೂರಿನ ಹೆಸರಘಟ್ಟದ ಬಳಿ ಶಿವಕೋಟೆಯಲ್ಲಿ 2015ರಿಂದ ಸ್ವಂತ ಕಟ್ಟಡಗಳಲ್ಲಿ ನಡೆಯುತ್ತಿದೆ. ಸ್ಪೆಂಟ ವಾಡಿಯಾ, ರಾಜೇಶ ಗೋಪಕುಮಾರ್ ಮೊದಲಾದ ತಂತು ಸಿದ್ಧಾಂತಿಗಳು ಅದನ್ನು ಕಟ್ಟಿ ನಡೆಸಿದವರು. ಅಶೋಕ ಸೇನರು ಬಂದು ಸೇರಿದುದೂ ಅಲ್ಲಿಗೇ. ಗುರುತ್ವ ತರಂಗಗಳ ಅಲೆಯನ್ನು ಓದುವ ಕೆಲಸವೂ ಅಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಪಿ.ಯು.ಸಿ. ಮುಗಿಸಿದವರಿಗಾಗಿ ನಾಲ್ಕು ವರ್ಷದ ಸಂಶೋಧನ ಪದವಿಯನ್ನು ತೆರೆಯಿತು. ಭಾರತದ ನೆಲದಲ್ಲಿಯೇ ಲೈಗೋ ಯಂತ್ರವೊಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ನಿಲ್ಲಿಸಲು ಕೇಂದ್ರ ಸಂಪುಟವು 2023ರ ಏಪ್ರಿಲಿನಲ್ಲಿ 2,600 ಕೋಟಿ ರೂಪಾಯಿಗಳಿಗೆ ಒಪ್ಪಿಗೆಯಿತ್ತಿತು. ಅದು ಎದ್ದು ನಿಂತ ದಿನ ಅದರ ಮುಂದೆ ಕೂರುವವರು ಇಂದು ಪ್ರೌಢಶಾಲೆಯ ಬೆಂಚಿನ ಮೇಲಿರುವ ಮಕ್ಕಳೇ.

ಕೊಡಗಿಗೆ ಈ ಕಥೆಯಲ್ಲಿ ತನ್ನದೊಂದು ಪಾಲಿದೆಯೆಂಬುದನ್ನು ಬಹುಮಂದಿ ಮರೆತಿರುವರು. ಈ ಲೇಖನದ ಉದ್ದಕ್ಕೂ ನಾವು ಬಳಸುತ್ತಿರುವ ಕೃಷ್ಣವಿವರವೆಂಬ ಮಾತನ್ನು ಕನ್ನಡ ಓದುಗರಲ್ಲಿ ನೆಲೆಗೊಳಿಸಿದವರಲ್ಲಿ ಮುಖ್ಯರು ಜಿ. ಟಿ. ನಾರಾಯಣ ರಾಯರು. ಅವರು 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು; ಗಣಿತದ ಅಧ್ಯಾಪಕರು; ಎನ್.ಸಿ.ಸಿ.ಯ ಅಧಿಕಾರಿಗಳು, ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ಸಂಪಾದಿಸಿದವರು. ‘ಕೃಷ್ಣವಿವರಗಳು’ ಎಂಬ ಪುಸ್ತಕವನ್ನೂ ಚಂದ್ರಶೇಖರರ ಜೀವನಚರಿತ್ರೆಯನ್ನೂ ಕನ್ನಡದಲ್ಲಿ ಬರೆದು, 2008ರಲ್ಲಿ ತೀರಿಕೊಂಡರು. ಅತ್ತ ವಿಶ್ವೇಶ್ವರರೂ ತಮ್ಮ ವಿದ್ಯೆಯನ್ನು ವಿದ್ವಾಂಸರಿಗಷ್ಟೇ ಮೀಸಲಿಡಲಿಲ್ಲ. 1989ರಲ್ಲಿ ತೆರೆದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು ಅವರೇ. ಅಲ್ಲಿ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿಯೂ ಆಕಾಶವನ್ನು ತೋರಿಸಿದರು. ಕಾಲೇಜಿನ ಹುಡುಗರಿಗೆ ಸಂಶೋಧನೆಯ ಪಾಠವನ್ನು ಹೇಳಿಸಿದರು. ಕಠಿಣ ವಿಷಯವನ್ನು ವ್ಯಂಗ್ಯಚಿತ್ರ ಬರೆದು ನಗಿಸುತ್ತ ತಿಳಿಸಿದರು. ಒಬ್ಬರು ಕೃಷ್ಣವಿವರದ ನಾದವನ್ನು ಕಂಡುಹಿಡಿದರು, ಇನ್ನೊಬ್ಬರು ಅದಕ್ಕೆ ಕನ್ನಡದ ಮಾತನ್ನು ಕೊಟ್ಟರು. ಎರಡೂ ಕೆಲಸಗಳು ಬೇಕಾದುವೇ.

ಕೊಡಗಿನ ಜನರಲ್ಲಿ ಆಸಕ್ತಿಯ ಕೊರತೆಯೂ ಇಲ್ಲ. 2019ನೆಯ ಡಿಸೆಂಬರ್ 26ರ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಕಂಕಣ ಸೂರ್ಯಗ್ರಹಣದ ನಡುಪಟ್ಟಿಯು ದಕ್ಷಿಣ ಕೊಡಗಿನ ಕುಟ್ಟದ ಸೀಮೆಯ ಮೇಲೆ ಹಾದುಹೋದಾಗ, ಅದನ್ನು ನೋಡಲು ದೂರದೂರದಿಂದ ಜನರು ಅಲ್ಲಿಗೆ ಬಂದು ಕೂಡಿದರು. ಉಂಗುರವು ಯಾವ ಊರಿನಲ್ಲಿ ಯಾವ ನಿಮಿಷದಲ್ಲಿ ಕಾಣುವುದೆಂಬುದನ್ನು ವರ್ಷಗಳ ಮೊದಲೇ ಹೇಳಿದುದು ಲೆಕ್ಕದ ಹಾಳೆಯೇ ಅಲ್ಲವೇ? ಅದಕ್ಕೆ ಸರಿಯಾಗಿ ನೂರು ವರ್ಷದ ಹಿಂದೆ, 1919ರ ಗ್ರಹಣದಲ್ಲಿ, ಸೂರ್ಯನ ಪಕ್ಕದಲ್ಲಿ ಹಾಯುವ ನಕ್ಷತ್ರದ ಬೆಳಕು ಬಾಗುವುದನ್ನು ಅಳೆದು ಐನ್‌ಸ್ಟೈನರ ಸಿದ್ಧಾಂತವನ್ನು ಮೊದಲು ಪರೀಕ್ಷಿಸಿದರೆಂಬುದನ್ನು ಕುಟ್ಟದಲ್ಲಿ ನಿಂತ ಒಂದು ಮಗುವಿಗಾದರೂ ಯಾರಾದರೂ ಹೇಳಿದ್ದರೆ, ಆ ಬೆಳಗು ಸಾರ್ಥಕವೆಂದು ನಾವು ಎಣಿಸುವೆವು.

ಕೊರತೆಯಿರುವುದು ಆಸಕ್ತಿಯು ಹುಟ್ಟಿದ ಮೇಲಿನ ಏರ್ಪಾಟಿನಲ್ಲಿ. ದೀರ್ಘಕಾಲ ಬೇರೆ ಜಿಲ್ಲೆಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದ ಕೊಡಗಿಗೆ 2023ರಲ್ಲಿ ಚಿಕ್ಕ ಅಳುವಾರದಲ್ಲಿ ತನ್ನದೇ ಆದ ವಿಶ್ವವಿದ್ಯಾನಿಲಯವು ದೊರೆಯಿತು. ಎರಡು ವರ್ಷ ತುಂಬುವುದರೊಳಗೇ, 2025ರ ಆರಂಭದಲ್ಲಿ, ಹಣದ ಅಭಾವದಿಂದ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಬೇಕೆಂದು ಸಂಪುಟದ ಉಪಸಮಿತಿಯು ಸಲಹೆಯಿತ್ತಾಗ, ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಬೊಕ್ಕಸದ ಕಷ್ಟವನ್ನು ನಾವು ಬಲ್ಲೆವು; ಅಧ್ಯಾಪಕರೂ ಪ್ರಯೋಗಶಾಲೆಯೂ ಇಲ್ಲದ ಬರಿಯ ನಾಮಫಲಕವು ವಿಶ್ವವಿದ್ಯಾನಿಲಯವಲ್ಲವೆಂಬುದನ್ನೂ ಒಪ್ಪುವೆವು. ಆದರೆ ಅಧಿಕಾರಿಗಳು ವಿದ್ಯೆಯ ಲಾಭನಷ್ಟವನ್ನು ವರ್ಷದ ಆಯವ್ಯಯದ ಪಟ್ಟಿಯಿಂದ ಅಳೆಯಹೊರಟರೆ, 1970ರ ಆ ಲೇಖನವು ಯಾವ ವರ್ಷದ ಪಟ್ಟಿಯಲ್ಲಿಯೂ ಲಾಭವೆಂದು ಬರುತ್ತಿರಲಿಲ್ಲ. ದೊಡ್ಡ ಯಂತ್ರಗಳು ಕೊಡಗಿಗೆ ಬೇಕಿಲ್ಲ. ಸೈದ್ಧಾಂತಿಕ ವಿಜ್ಞಾನಕ್ಕೆ ಬೇಕಾದುದು ಗಣಿತವನ್ನು ಬಲ್ಲ ಅಧ್ಯಾಪಕ, ಕರಿಹಲಗೆ, ಒಳ್ಳೆಯ ಪುಸ್ತಕಗಳು, ತಿಂಗಳಿಗೆ ಸರಿಯಾಗಿ ಕೈಸೇರುವ ವಿದ್ಯಾರ್ಥಿವೇತನ, ಇಷ್ಟೇ. ವಿದ್ಯೆಗಳಲ್ಲೆಲ್ಲ ಇದಕ್ಕಿಂತ ಅಗ್ಗವಾದುದು ಇನ್ನೊಂದಿಲ್ಲ. ಪಿ.ಯು. ಕಾಲೇಜುಗಳಲ್ಲಿ ಗಣಿತ ಮತ್ತು ಭೌತವಿಜ್ಞಾನದ ಹುದ್ದೆಗಳನ್ನು ಖಾಲಿಯಿಡದೆ ತುಂಬುವುದು, ಜಿಲ್ಲೆಯ ಗ್ರಂಥಾಲಯಗಳಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳನ್ನು ಇಡುವುದು, ವರ್ಷಕ್ಕೊಮ್ಮೆ ಮಕ್ಕಳನ್ನು ತಾರಾಲಯಕ್ಕೂ ಶಿವಕೋಟೆಯ ಕೇಂದ್ರಕ್ಕೂ ಕರೆದೊಯ್ಯುವುದು: ಇವು ಯಾವ ಸರಕಾರಕ್ಕೂ ಭಾರವಾಗಲಾರವು.

ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟು. ಮಗುವಿನ ಆಸೆಯು ಗಾಳಿಯ ಮಾತೋ ನಿಜವಾದ ಹಸಿವೋ ಎಂಬುದನ್ನು ಮೊದಲು ಪರೀಕ್ಷಿಸಿರಿ. ಕಠಿಣವಾದ ಲೆಕ್ಕವು ಬಗೆಹರಿಯದಿದ್ದಾಗ ಪುಸ್ತಕವನ್ನು ಮುಚ್ಚಿಡುವವನಿಗೆ ಬೇರೆ ದಾರಿಯನ್ನು ತೋರಿಸಿರಿ. ಅದನ್ನೇ ನೆನೆಯುತ್ತ ಊಟವನ್ನು ಮರೆಯುವವನನ್ನು ತಡೆಯಬೇಡಿರಿ. ಬೆಲೆಯನ್ನು ಮುಂದಾಗಿ ಅವನಿಗೆ ತಿಳಿಸಿರಿ, ಆ ಬಳಿಕ ಆರಿಸಿಕೊಳ್ಳಲು ಬಿಡಿರಿ. ಕಾಫಿಯ ಗಿಡವನ್ನು ನೆಟ್ಟವನು ಮೂರು ನಾಲ್ಕು ವರ್ಷ ಕಾಯುವನು. ಬೀಟೆಯ ಸಸಿಯನ್ನು ನೆಟ್ಟವನು ಅದರ ಹಲಗೆಯನ್ನು ತಾನು ಕಾಣುವೆನೆಂದು ಎಂದೂ ಎಣಿಸುವುದಿಲ್ಲ. ಎರಡನ್ನೂ ಬಲ್ಲ ನಾಡಿಗೆ ನಲವತ್ತೈದು ವರ್ಷ ಕಾಯುವ ವಿದ್ಯೆಯು ಅರ್ಥವಾಗದೆ ಇರಲಾರದು. “ಅದರಿಂದ ಬರುವುದೇನು?” ಎಂಬ ಪ್ರಶ್ನೆಗೆ ನಿಜವಾದ ಉತ್ತರವು, “ಬಿತ್ತಿದಾಗ ತಿಳಿಯದು” ಎಂಬುದೇ. ತಿಳಿಯದೆಂಬ ಕಾರಣದಿಂದ ಬಿತ್ತದೆ ಇರುವುದು ಮಾತ್ರ ಕೊಡಗಿಗೆ ತಕ್ಕುದಲ್ಲವೆಂದು ನಾವು ತಿಳಿಯುವೆವು.